ಒಳಗೆ ಟಿಕ್ ಟಿಕ್ ಸದ್ದು, ಹಿಂದೆ ಕತ್ತಲು: ಇಂಡಿಕೇಟರ್‌ಗೆ ರೆಸಿಸ್ಟರ್ ಕಟ್ಟಿಸುವ ಮುನ್ನ ಓದಿ

ನಿಮ್ಮ ಕಾರಿನ ಇಂಡಿಕೇಟರ್ ಒಂದು ಬದಿಗೆ ಮಾತ್ರ ಗಡಿಬಿಡಿಯಿಂದ ಮಿಟುಕುತ್ತಿದೆಯೇ? ಅಂಗಡಿಯವರು ‘ಎಲ್‌ಇಡಿ ಬಲ್ಬ್ ಹಾಕಿ ಒಂದು ರೆಸಿಸ್ಟರ್ ಕಟ್ಟಿಬಿಡೋಣ’ ಎಂದಿದ್ದಾರೆಯೇ? ದಯವಿಟ್ಟು ಒಪ್ಪಬೇಡಿ. ನಾನು ಒಪ್ಪಿದೆ. ಕಮಲಾಪುರದ ಬಳಿ ನಾನು ಮತ್ತು ಅವ್ವ ಲಾರಿಯ ಗಾಲಿಗೆ ಸಿಗದೆ ಉಳಿದದ್ದು ಆ ಲಾರಿ ಚಾಲಕನ ಕಾಲು ಬ್ರೇಕಿನ ಮೇಲೆ ಸಮಯಕ್ಕೆ ಬಿದ್ದದ್ದರಿಂದ ಮಾತ್ರ.

ನನ್ನದು ಹನ್ನೆರಡು ವರ್ಷ ಓಡಿದ ಸಣ್ಣ ಕಾರು. ಮಳೆಗಾಲ ಮುಗಿಯುವ ಹೊತ್ತಿಗೆ ಬಲಗಡೆಯ ಇಂಡಿಕೇಟರ್ ಹಾಕಿದರೆ ಒಳಗೆ ಟಿಕ್ ಟಿಕ್ ಸದ್ದು ಎರಡು ಪಟ್ಟು ವೇಗವಾಗಿ ಕೇಳತೊಡಗಿತು. ಎಡಗಡೆಯದು ಮಾತ್ರ ಎಂದಿನಂತೆಯೇ ಇತ್ತು. ಒಂದು ರಾತ್ರಿ ಮನೆಯ ಕಾಂಪೌಂಡ್ ಗೋಡೆಗೆ ಹಿಂಭಾಗ ಮಾಡಿ ನಿಲ್ಲಿಸಿ ಇಳಿದು ನೋಡಿದೆ. ಹಿಂದಿನ ಬಲಬದಿಯ ಕಿತ್ತಳೆ ದೀಪ ಹತ್ತಿರಲಿಲ್ಲ. ಅದರ ಬದಲು ಪಕ್ಕದ ಕೆಂಪು ದೀಪ, ಎಣ್ಣೆ ತೀರಿದ ಹಣತೆಯಂತೆ, ಇಂಡಿಕೇಟರಿನ ತಾಳಕ್ಕೆ ಸರಿಯಾಗಿ ಮಿಣಮಿಣ ಎನ್ನುತ್ತಿತ್ತು. ಇಡೀ ರೋಗದ ಗುಟ್ಟು ಅಲ್ಲೇ ಇತ್ತು ಎಂಬುದು ನನಗೆ ಆಗ ತಿಳಿದಿರಲಿಲ್ಲ.

ಮರುದಿನ ಕಲಬುರಗಿಯ ರಿಂಗ್ ರಸ್ತೆಯ ಒಂದು ಅಂಗಡಿಗೆ ಹೋದೆ. ಕಂಡದ್ದನ್ನು ಕಂಡಂತೆ ಹೇಳಿದೆ. ಹುಡುಗ ದೀಪದ ಕಡೆ ತಿರುಗಿಯೂ ನೋಡದೆ, ‘ರಿಲೇ ಹೋಗಿದೆ ಅಕ್ಕಾ’ ಎಂದು ಇಂಡಿಕೇಟರನ್ನು ಮಿಟುಕಿಸುವ ಫ್ಲಾಶರ್ ರಿಲೇಯನ್ನು ಹೊಸದು ಹಾಕಿದ. ಏನೂ ಬದಲಾಗಲಿಲ್ಲ. ಬದಲಾಗುವುದಾದರೂ ಹೇಗೆ? ಎರಡೂ ಬದಿಗೆ ಇರುವುದು ಒಂದೇ ರಿಲೇ. ಅದೇ ಕೆಟ್ಟಿದ್ದರೆ ಎಡಗಡೆಯದೂ ತಾಳ ತಪ್ಪಬೇಕಿತ್ತು. ಬಳಿಕ ಬಲ್ಬ್ ಬದಲಿಸಿದ, ಅದೂ ಹತ್ತಲಿಲ್ಲ. ಕೊನೆಗೆ ಎಲ್‌ಇಡಿ ಬಲ್ಬ್ ಹಾಕಿದಾಗ ದೀಪ ಬೆಳಗಿತು, ವೇಗ ಮಾತ್ರ ಇಳಿಯಲಿಲ್ಲ. ಅದಕ್ಕೂ ಅವನ ಬಳಿ ಮದ್ದಿತ್ತು. ಡಿಕ್ಕಿಯ ಒಳಹೊದಿಕೆ ಸರಿಸಿ, ತಂತಿಯನ್ನು ಕತ್ತರಿಸಿ, ರೆಸಿಸ್ಟರ್ ಎಂಬ ಚಿನ್ನದ ಬಣ್ಣದ ಬೆರಳುದ್ದದ ಲೋಹದ ತುಂಡೊಂದನ್ನು ಸೇರಿಸಿ, ಟೇಪ್ ಸುತ್ತಿ, ಪ್ಲಾಸ್ಟಿಕ್ ಹೊದಿಕೆಗೇ ಅಂಟಿಸಿದ. ಟಿಕ್ ಟಿಕ್ ಹದಕ್ಕೆ ಬಂತು. ಎಲ್ಲ ಸೇರಿ 1,850 ರೂಪಾಯಿ ಕೊಟ್ಟು ನೆಮ್ಮದಿಯಿಂದ ಮನೆಗೆ ಬಂದೆ.

ಅವನು ಮಾಡಿದ್ದೇನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಂಡಿಕೇಟರಿನ ಸಾಮಾನ್ಯ ಬಲ್ಬ್ 21 ವ್ಯಾಟಿನದು. ಅದು ಎಳೆಯುವ ಕರೆಂಟನ್ನು ನೋಡಿಕೊಂಡೇ ರಿಲೇ ತನ್ನ ತಾಳ ಹಿಡಿಯುತ್ತದೆ, ನಿಮಿಷಕ್ಕೆ 60ರಿಂದ 120 ಸಲದೊಳಗೆ. ಒಂದು ಬಲ್ಬ್ ಉರಿಯದಿದ್ದರೆ ಕರೆಂಟು ಕಡಿಮೆಯಾಗುತ್ತದೆ, ರಿಲೇ ತಾಳ ಏರಿಸುತ್ತದೆ. ಅಂದರೆ ಆ ಅವಸರದ ಸದ್ದು ಕೆಡುಕಲ್ಲ. ಹಿಂದಿನ ದೀಪವನ್ನು ಕಾಣಲಾಗದ ಚಾಲಕನಿಗೆ ‘ಒಂದು ದೀಪ ಹತ್ತುತ್ತಿಲ್ಲ’ ಎಂದು ಕಾರು ಕೂಗಿ ಹೇಳುವ ಮಾತು ಅದು. ಎಲ್‌ಇಡಿ ಎಳೆಯುವ ಕರೆಂಟು ತೀರಾ ಅಲ್ಪ. ಅದನ್ನು ಮುಚ್ಚಿಹಾಕಲು ರೆಸಿಸ್ಟರ್ ಬಲ್ಬಿನಷ್ಟೇ ಕರೆಂಟನ್ನು ಸುಮ್ಮನೆ ಕುಡಿದು ಶಾಖವಾಗಿ ಕಾರುತ್ತದೆ. ನನ್ನ ಕಾರಿಗೆ ಹಾಕಿದ್ದು 6 ಓಮಿನದು. ಎಂಜಿನ್ ಓಡುವಾಗಿನ ಸುಮಾರು 13.8 ವೋಲ್ಟಿಗೆ ಅದು ಹತ್ತಿದಾಗಲೆಲ್ಲ 30 ವ್ಯಾಟಿಗೂ ಮೀರಿ ಶಾಖ ಬಿಡುತ್ತದೆ. ಅದನ್ನು ಅಂಟಿಸಿದ್ದು ಪ್ಲಾಸ್ಟಿಕ್ಕಿಗೆ! ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ರೆಸಿಸ್ಟರ್ ಇರುವವರೆಗೆ ಹಿಂದಿನ ದೀಪ ಸತ್ತರೂ ರಿಲೇಗೆ ಗೊತ್ತಾಗುವುದಿಲ್ಲ. ಕಾರಿನ ಬಾಯಿಗೆ ಬಟ್ಟೆ ತುರುಕಿದಂತೆ.

ಮೂರು ವಾರದ ನಂತರ ಅವ್ವನನ್ನು ಕರೆದುಕೊಂಡು ಹುಮನಾಬಾದ್ ರಸ್ತೆ ಹಿಡಿದು ಹೊರಟೆ. ಮಹಾಗಾಂವ ಕ್ರಾಸ್ ಹತ್ತಿರ ಟೈರ್ ಪಂಕ್ಚರ್ ಆಯಿತು. ಸ್ಟೆಪ್ನಿ ಹಾಕಿ ಮುಗಿಯುವವರೆಗೆ, ಸುಮಾರು ಮುಕ್ಕಾಲು ಗಂಟೆ, ಎಂಜಿನ್ ಆಫ್ ಮಾಡದೆ ನಾಲ್ಕೂ ಇಂಡಿಕೇಟರ್ ಮಿಟುಕಿಸುತ್ತ ನಿಲ್ಲಿಸಿದ್ದೆ. ಮತ್ತೆ ಹೊರಟಾಗ, ‘ಏನೋ ಸುಟ್ಟ ವಾಸನೆ ಬರುತ್ತಿದೆಯಲ್ಲ’ ಎಂದು ಅವ್ವ ಎರಡು ಸಲ ಹೇಳಿದಳು. ಹೊಲದಲ್ಲಿ ಯಾರೋ ಕಸ ಸುಡುತ್ತಿರಬೇಕು ಎಂದುಕೊಂಡೆ. ಅವ್ವನ ಮಾತಿಗೆ ಅಲ್ಲೇ ಗಾಡಿ ನಿಲ್ಲಿಸಬೇಕಿತ್ತು.

ಕಮಲಾಪುರ ದಾಟಿ ಬಲಕ್ಕೆ, ನಮ್ಮ ಸೋದರಮಾವನ ಊರಿನ ದಾರಿಗೆ ತಿರುಗಬೇಕು. ಹೊತ್ತು ಮುಳುಗಿತ್ತು. ಬಲ ಇಂಡಿಕೇಟರ್ ಹಾಕಿದೆ. ಒಳಗೆ ಬಾಣದ ಗುರುತು ಹದವಾಗಿ ಮಿಟುಕುತ್ತಿತ್ತು, ಸದ್ದೂ ಸರಿಯಾಗಿತ್ತು. ವೇಗ ತಗ್ಗಿಸಿ ತಿರುಗಿಸುತ್ತಿದ್ದಂತೆ, ಹಿಂದಿನಿಂದ ನನ್ನನ್ನು ದಾಟಲು ಬಲಕ್ಕೆ ಬಂದಿದ್ದ ಲಾರಿಯ ಹಾರ್ನ್ ಕಿವಿಯಲ್ಲೇ ಮೊಳಗಿತು. ತೊಗರಿ ಚೀಲ ತುಂಬಿದ ಲಾರಿ. ನನ್ನ ಬಾಗಿಲಿನಿಂದ ಎರಡು ಗೇಣು ದೂರದಲ್ಲಿ ನಿಂತಿತು. ಚಾಲಕ ಇಳಿದು ಬಂದ. ಅವನ ಕೈ ನಡುಗುತ್ತಿತ್ತು. ‘ಇಂಡಿಕೇಟರ್ ಹಾಕದೆ ತಿರುಗಿಸಿದರೆ ಹೇಗೆ ತಾಯಿ?’ ಎಂದ. ‘ಹಾಕಿದ್ದೇನಲ್ಲಪ್ಪಾ, ಕೇಳು’ ಎಂದು ಸದ್ದು ಕೇಳಿಸಿದೆ. ಅವನು ನನ್ನನ್ನು ಕಾರಿನ ಹಿಂದಕ್ಕೆ ಕರೆದು ತೋರಿಸಿದ. ಅಲ್ಲಿ ಕತ್ತಲು.

ಅವನೇ ದಾರಿ ತೋರಿಸಿ, ಊರೊಳಗಿನ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್ ಬಳಿಗೆ ಕಳುಹಿಸಿದ. ಆ ಕಾಕಾ ಡಿಕ್ಕಿ ತೆರೆದ ಕೂಡಲೇ ಮುಖ ಹಿಂದೆಳೆದುಕೊಂಡರು. ಪ್ಲಾಸ್ಟಿಕ್ ಹೊದಿಕೆ ಬೆಲ್ಲದ ಪಾಕದಂತೆ ಜೋತುಬಿದ್ದಿತ್ತು. ಟೇಪ್ ಕರಗಿ, ದೀಪಕ್ಕೆ ಹೋಗುವ ತಂತಿ ಜೋಡಣೆಯಿಂದ ಕಳಚಿತ್ತು. ರೆಸಿಸ್ಟರ್ ಮಾತ್ರ ಭದ್ರವಾಗಿ ಕೂತು ಕರೆಂಟು ಕುಡಿಯುತ್ತಿತ್ತು.

ಅವರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: ‘ಶುರುವಿನಲ್ಲಿ ಏನಾಗುತ್ತಿತ್ತು, ತಂಗಿ?’ ಕೆಂಪು ದೀಪ ಮಿಣುಕುತ್ತಿದ್ದುದನ್ನು ಹೇಳಿದೆ. ‘ಹಾಗಾದರೆ ಅರ್ಥ್’ ಎಂದರು, ಅಂದರೆ ದೀಪದಿಂದ ಕರೆಂಟು ವಾಪಸು ಹೋಗುವ ದಾರಿ. ಕಳಚಿದ್ದ ತಂತಿಯನ್ನು ಸದ್ಯಕ್ಕೆ ಸೇರಿಸಿ, ಕರೆಂಟು ಪರೀಕ್ಷಿಸುವ ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಕಾರಿನ ಲೋಹದ ಮೈಗೆ ಸಿಕ್ಕಿಸಿ ಹೋಲ್ಡರಿನ ಕರೆಂಟು ಬರುವ ಕಡೆ ಮುಟ್ಟಿಸಿದಾಗ ಆ ಲ್ಯಾಂಪು ಹತ್ತಿತು. ಕ್ಲಿಪ್ಪನ್ನು ಹೋಲ್ಡರಿನ ಅರ್ಥಿಗೇ ಸಿಕ್ಕಿಸಿದಾಗ ಹತ್ತಲಿಲ್ಲ. ಕರೆಂಟು ಬರುತ್ತಿದೆ, ವಾಪಸು ಹೋಗಲು ದಾರಿಯಿಲ್ಲ. ಆ ದಾರಿ ಕಾಣದೆ ಅದು ಪಕ್ಕದ ಕೆಂಪು ಬಲ್ಬಿನ ಮೂಲಕ ನುಸುಳುತ್ತಿತ್ತು. ಎಲ್‌ಇಡಿಗೆ ಸಾಕಾಗುವಷ್ಟು ಅಲ್ಪ ಕರೆಂಟು ಆ ಕೆಟ್ಟ ಅರ್ಥಿನಲ್ಲೂ ಹರಿಯುತ್ತಿತ್ತು, ಆದ್ದರಿಂದಲೇ ಅಂಗಡಿಯ ಹುಡುಗನಿಗೆ ದೀಪ ಸರಿಹೋದಂತೆ ಕಂಡಿತ್ತು. ದೀಪಕ್ಕೆ ತಂತಿಗಳನ್ನು ಸಿಕ್ಕಿಸುವ ಕಪ್ಲರ್ ಬಿಚ್ಚಿ ಕಾಕಾ ಅರ್ಥ್ ಪಿನ್ನನ್ನು ನನ್ನ ಅಂಗೈ ಹತ್ತಿರ ಹಿಡಿದರು. ಅಕ್ಕಿಕಾಳಿನಷ್ಟು ಜಾಗ. ಅದರ ಮೇಲೆ ಹಸಿರು ಬಿಳುಪಿನ ಪುಡಿ ಸುಣ್ಣದಂತೆ ಹತ್ತಿಕೊಂಡಿತ್ತು. ದೀಪದ ರಬ್ಬರ್ ಸವೆದು ಮಳೆನೀರು ಒಳಗೆ ಹೋಗಿತ್ತು, ಅಷ್ಟೇ. ಉಜ್ಜುವ ಕಾಗದದಿಂದ ಉಜ್ಜಿ, ಪಿನ್ ಬಿಗಿಮಾಡಿ, ಕತ್ತರಿಸಿದ ತಂತಿಯನ್ನು ಬೆಸುಗೆ ಹಾಕಿ ಜೋಡಿಸಿ, 21 ವ್ಯಾಟಿನ ಕಿತ್ತಳೆ ಬಲ್ಬ್ ಹಾಕಿದರು. ಕೇಳಿದ್ದು 150 ರೂಪಾಯಿ.

ನೀವು ಅಂಗಡಿಗೆ ಹೋಗುವ ಮುನ್ನ ಮನೆಯಲ್ಲೇ ಇಷ್ಟು ನೋಡಿಕೊಳ್ಳಿ. ಒಂದೇ ಬದಿ ವೇಗವಾಗಿ ಮಿಟುಕಿದರೆ ಆ ಬದಿಯ ಬಲ್ಬ್, ಹೋಲ್ಡರ್ ಅಥವಾ ಅರ್ಥ್ ಕಡೆ ಅನುಮಾನ ಇರಲಿ. ಎರಡೂ ಬದಿ ಸತ್ತಿದ್ದರೆ ಫ್ಯೂಸ್, ರಿಲೇ. ನಾಲ್ಕೂ ಒಟ್ಟಿಗೆ ಮಿಟುಕುವ ಬಟನ್ ಒತ್ತಿದಾಗ ಸರಿಯಾಗಿದ್ದು, ಸ್ಟೇರಿಂಗ್ ಪಕ್ಕದ ಕಡ್ಡಿ ಎತ್ತಿದಾಗ ಮಾತ್ರ ಹತ್ತದಿದ್ದರೆ ಸ್ವಿಚ್ಚಿನ ಕಡೆ ನೋಡಬೇಕು. ಬಹುಪಾಲು ಹೊಸ ಕಾರುಗಳಲ್ಲಿ ಬೇರೆ ರಿಲೇಯೇ ಇರುವುದಿಲ್ಲ, ಎಲ್ಲವನ್ನೂ ಕಂಪ್ಯೂಟರ್ ಪೆಟ್ಟಿಗೆ ನೋಡಿಕೊಳ್ಳುತ್ತದೆ. ಅಂಥ ಕಾರಿನ ತಂತಿಗೆ ಕತ್ತರಿ ಹಾಕಲು ಬಿಡಲೇಬೇಡಿ.

ಆ ಸುಟ್ಟ ತುಂಡನ್ನು ತೆಗೆದುಕೊಂಡು ರಿಂಗ್ ರಸ್ತೆಯ ಅಂಗಡಿಗೆ ಮತ್ತೆ ಹೋದೆ. ‘ನಾವು ಎಲ್ಲರಿಗೂ ಹೀಗೆಯೇ ಹಾಕುತ್ತೇವೆ ಅಕ್ಕಾ, ಯಾರೂ ಬಂದು ಕೇಳಿಲ್ಲ’ ಎಂದರು. ಆ ‘ಎಲ್ಲರಿಗೂ’ ಎಂಬ ಮಾತು ಕೇಳಿದ ಮೇಲೆ ಸುಮ್ಮನಿರಲಾಗದೆ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಕಾರಿಗೂ ಹೀಗೆ ಎಲ್‌ಇಡಿ ಹಾಕಿಸಿದ್ದರೆ ಇಂದೇ ಡಿಕ್ಕಿಯ ಒಳಹೊದಿಕೆ ಸರಿಸಿ, ಚಿನ್ನದ ಬಣ್ಣದ ಆ ತುಂಡು ಇದೆಯೇ ನೋಡಿ. ಇಂಡಿಕೇಟರ್ ಹಾಕಿ ತೆಗೆದ ಕೂಡಲೇ ಅದನ್ನು ಬರಿಗೈಯಿಂದ ಮುಟ್ಟಬೇಡಿ, ಚರ್ಮ ಸುಡುತ್ತದೆ.