“ಕ್ಲಾಸ್‌ಗೆ ಸರಿಯಾಗಿದೆ” ಎಂಬ ಬಾಯಿಮಾತನ್ನು ನಂಬಿ ಲಿಂಕನ್‌ಗೆ ಹೊರಡಬೇಡಿ

ಮುಂದಿನ ಸೋಲೋ ನ್ಯಾಷನಲ್ಸ್‌ಗೆಂದು ಬೇರೆಯವರು ಸಿದ್ಧಪಡಿಸಿದ ಕಾರನ್ನು ಕೊಳ್ಳಲು ಹೊರಟಿರುವವರು ಹಣ ಕೊಡುವ ಮುನ್ನ ದಯವಿಟ್ಟು ಇದನ್ನು ಓದಿ. ಮಾರುವವರು “ಸ್ಟ್ರೀಟ್ ಕ್ಲಾಸ್ (ವರ್ಗ) ನಿಯಮಕ್ಕೆ ಪೂರ್ತಿ ಬದ್ಧವಾದ ಕಾರು” ಎಂದು ಹೇಳಿದರೆ ಆ ಮಾತಿಗೆ ಕಾಸಿನ ಬೆಲೆಯೂ ಇಲ್ಲ. ಅವರು ಬೇಕೆಂದೇ ಸುಳ್ಳು ಹೇಳುತ್ತಿರಬಹುದು ಅಥವಾ ಅವರಿಗೇ ಗೊತ್ತಿಲ್ಲದಿರಬಹುದು. ಎರಡರಲ್ಲಿ ಯಾವುದೇ ಆದರೂ ಸ್ಪರ್ಧೆ ಮುಗಿದು ಇಂಪೌಂಡ್‌ನಲ್ಲಿ, ಅಂದರೆ ಓಟದ ನಂತರ ಕಾರುಗಳನ್ನು ಪರಿಶೀಲನೆಗೆ ನಿಲ್ಲಿಸುವ ಜಾಗದಲ್ಲಿ, ಚಕ್ರ ಬಿಚ್ಚಿದಾಗ ಉತ್ತರ ಕೊಡಬೇಕಾದವರು ಅವರಲ್ಲ, ನೀವು. ನನ್ನನ್ನೂ ನನ್ನ ಗೆಳೆಯನನ್ನೂ ಅನರ್ಹಗೊಳಿಸಿದ್ದು ಚಾಲನೆಯ ತಪ್ಪಿಗಲ್ಲ. ಕಾರಿನೊಳಗೆ ಯಾರೋ ಎಂದೋ ಒಂದು ಉಂಗುರವನ್ನು ಕೆಳಗೆ ಇಳಿಸಿದ್ದಕ್ಕೆ.

ಈ ಆಟಕ್ಕೆ ಹೊಸಬರಾದವರಿಗೆ ಹಿನ್ನೆಲೆ ಹೇಳುತ್ತೇನೆ. ಸೋಲೋ ನ್ಯಾಷನಲ್ಸ್ ಎಂದರೆ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ 1973ರಿಂದ ನಡೆಸಿಕೊಂಡು ಬಂದಿರುವ ರಾಷ್ಟ್ರೀಯ ಆಟೋಕ್ರಾಸ್ ಸ್ಪರ್ಧೆ. ಆಟೋಕ್ರಾಸ್‌ನಲ್ಲಿ ಕೋನ್‌ಗಳ ನಡುವಿನ ದಾರಿಯಲ್ಲಿ ಕಾರುಗಳು ಗಡಿಯಾರದ ವಿರುದ್ಧ ಓಡುತ್ತವೆ. 2009ರಿಂದ ಇದರ ನೆಲೆ ನೆಬ್ರಾಸ್ಕದ ಲಿಂಕನ್. ಪ್ರತಿ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಹಳೆಯ ವಾಯುನೆಲೆಯ ವಿಶಾಲವಾದ ಕಾಂಕ್ರೀಟ್ ಮೈದಾನದ ಮೇಲೆ ಕಿತ್ತಳೆ ಕೋನ್‌ಗಳನ್ನಿಟ್ಟು ಎರಡು ಕೋರ್ಸ್‌ಗಳನ್ನು ರಚಿಸುತ್ತಾರೆ. ಬರುವ ಸ್ಪರ್ಧಿಗಳು ಸಾವಿರಕ್ಕೂ ಹೆಚ್ಚು. ಮೊದಲ ದಿನ ಒಂದು ಕೋರ್ಸ್‌ನಲ್ಲಿ ಮೂರು ಓಟ, ಮರುದಿನ ಇನ್ನೊಂದರಲ್ಲಿ ಮೂರು ಓಟ. ಎರಡೂ ದಿನಗಳ ಅತ್ಯುತ್ತಮ ಸಮಯಗಳನ್ನು ಕೂಡಿದರೆ ಫಲಿತಾಂಶ. ಒಂದು ಕೋನ್ ಬಿದ್ದರೆ ಎರಡು ಸೆಕೆಂಡ್ ದಂಡ. ಕೋನ್‌ಗಳಿಂದ ಗುರುತಿಸಿದ ಗೇಟ್ ಒಂದನ್ನು ತಪ್ಪಿಸಿದರೆ ಆ ಓಟ ಲೆಕ್ಕಕ್ಕೇ ಇಲ್ಲ. ಒಂದು ಓಟ ಸುಮಾರು ಒಂದು ನಿಮಿಷ. ಅಂದರೆ ವರ್ಷವಿಡೀ ದುಡಿದು, ರಜೆ ಕೂಡಿಟ್ಟು, ಟೈರ್‌ಗೆ ಹಣ ಸುರಿದು, ರಾಜ್ಯಗಳನ್ನು ದಾಟಿ ಬಂದವರಿಗೆ ಸ್ಟೀರಿಂಗ್ ಹಿಂದೆ ಸಿಗುವುದು ಆರು ನಿಮಿಷ. ಮೇಲಿನ ಸ್ಥಾನಗಳ ನಡುವಿನ ಅಂತರವನ್ನು ಸೆಕೆಂಡಿನ ನೂರನೇ ಒಂದು ಭಾಗಗಳಲ್ಲಿ ಎಣಿಸಬೇಕಾಗುತ್ತದೆ.

ಆದ್ದರಿಂದಲೇ ವರ್ಗದ ನಿಯಮಗಳು ಇಷ್ಟು ಬಿಗಿ. ನಾವು ಸ್ಪರ್ಧಿಸಿದ ಸ್ಟ್ರೀಟ್ ವರ್ಗ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಅತಿ ಹತ್ತಿರವಾದದ್ದು. ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಬದಲಿಸಬಹುದು, ಮುಂದಿನ ಅಥವಾ ಹಿಂದಿನ ಒಂದು ಆಂಟಿರೋಲ್ ಬಾರ್ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸರಳು) ಬದಲಿಸಬಹುದು, ಬ್ರೇಕ್ ಪ್ಯಾಡ್ ಮತ್ತು ಏರ್ ಫಿಲ್ಟರ್ ಬದಲಿಸಬಹುದು. ಟೈರ್‌ನ ಟ್ರೆಡ್‌ವೇರ್ ಅಂಕಿ (ಟೈರ್ ಎಷ್ಟು ನಿಧಾನವಾಗಿ ಸವೆಯುತ್ತದೆ ಎಂದು ಸೂಚಿಸುವ ಅಂಕಿ) ಕನಿಷ್ಠ 200 ಇರಬೇಕು. ಚಕ್ರದ ಅಗಲ ಮೂಲದಷ್ಟೇ ಇರಬೇಕು. ಸ್ಪ್ರಿಂಗ್ ಮುಟ್ಟುವಂತಿಲ್ಲ. ನಿಯಮಪುಸ್ತಕದ ಒಟ್ಟು ಧೋರಣೆ ಸರಳ: ಮಾಡಬಹುದು ಎಂದು ಬರೆದಿಲ್ಲದಿದ್ದರೆ ಮಾಡುವಂತಿಲ್ಲ.

ನಾವು ಕೊಂಡದ್ದು ಒಂದು ಮಾಜ್ದಾ ಮಿಯಾಟಾ, ಎರಡು ಸೀಟಿನ ಸಣ್ಣ ಸ್ಪೋರ್ಟ್ಸ್ ಕಾರು. ಮಾರಿದವರು ಹಲವು ಸೀಸನ್ ಅದನ್ನು ಸ್ಥಳೀಯ ಸ್ಪರ್ಧೆಗಳಲ್ಲಿ ಓಡಿಸಿ ಗೆದ್ದವರು. ಜಾಹೀರಾತಿನಲ್ಲಿ “ನ್ಯಾಷನಲ್ಸ್‌ಗೆ ಸಿದ್ಧ, ಕೀಲಿ ತಿರುಗಿಸಿ ಹೊರಡಿ” ಎಂದು ಬರೆದಿದ್ದರು. ಡ್ಯಾಂಪರ್‌ಗಳು ಹೆಸರಾಂತ ಕಾರ್ಯಾಗಾರವೊಂದರಲ್ಲಿ ಹೊಸದಾಗಿ ಕಟ್ಟಿಸಿದವು ಎಂದು ಬಿಲ್ ತೋರಿಸಿದರು. ಆ ಬಿಲ್‌ನ ಮೇಲೆಯೇ “ಸ್ಟ್ರೀಟ್ ವರ್ಗಕ್ಕೆ” ಎಂಬ ಸಾಲು ಅಚ್ಚಾಗಿತ್ತು. ನಾನು ಮೂರು ಪ್ರಶ್ನೆ ಕೇಳಿದೆ: ಸ್ಪ್ರಿಂಗ್ ಮೂಲದ್ದೇ? ಇಂಜಿನ್ ಕಂಪ್ಯೂಟರ್ ಮುಟ್ಟಿಲ್ಲವೇ? ಯಾರಾದರೂ ಎಂದಾದರೂ ಆಕ್ಷೇಪ ಎತ್ತಿದ್ದರೇ? ಉತ್ತರಗಳು ಸ್ಪಷ್ಟವಾಗಿದ್ದವು, ಬರವಣಿಗೆಯಲ್ಲೂ ಇದ್ದವು. “ಇಷ್ಟು ವರ್ಷ ಓಡಿಸಿದ್ದೇನೆ, ಒಬ್ಬರೂ ಚಕಾರ ಎತ್ತಿಲ್ಲ” ಎಂದರು. ಆ ಮಾತು ನಿಜವೇ ಆಗಿತ್ತು, ಮತ್ತು ಅಪಾಯ ಇದ್ದದ್ದು ಆ ಮಾತಿನಲ್ಲಿಯೇ. ಸ್ಥಳೀಯ ಸ್ಪರ್ಧೆಗಳಲ್ಲಿ ಒಬ್ಬರ ಕಾರಿನಡಿಗೆ ಇನ್ನೊಬ್ಬರು ಇಣುಕುವುದು ಅಪರೂಪ. ವಾರಾಂತ್ಯದ ಗೆಳೆತನದಲ್ಲಿ ಯಾರಿಗೆ ಬೇಕು ಜಗಳ? ಹಾಗಾಗಿ ನಿಯಮ ಮೀರಿದ ಕಾರೊಂದು ವರ್ಷಗಟ್ಟಲೆ ಪದಕ ಗೆಲ್ಲುತ್ತಾ ಹೋಗಬಹುದು.

ಇನ್ನೊಂದು ಭ್ರಮೆಯನ್ನೂ ಇಲ್ಲಿಯೇ ಬಿಡಿಸಿಬಿಡುತ್ತೇನೆ. ಲಿಂಕನ್‌ನಲ್ಲಿ ಸ್ಪರ್ಧೆಗೆ ಮುನ್ನ ತಾಂತ್ರಿಕ ತಪಾಸಣೆ ನಡೆಯುತ್ತದೆ. ವ್ಹೀಲ್ ನಟ್ ಬಿಗಿಯಾಗಿವೆಯೇ, ಬ್ಯಾಟರಿ ಅಲುಗಾಡುತ್ತದೆಯೇ, ಬ್ರೇಕ್ ಪೆಡಲ್ ಗಟ್ಟಿಯಾಗಿದೆಯೇ, ಹೆಲ್ಮೆಟ್‌ನೊಳಗೆ ಸ್ನೆಲ್ ಎಂಬ ಸುರಕ್ಷತಾ ಮಾನದಂಡದ ಚೀಟಿ ಇದೆಯೇ, ಕಾರಿನೊಳಗೆ ಬಿಡಿ ಸಾಮಾನು ಉಳಿದಿದೆಯೇ ಎಂದು ನೋಡಿ ಸ್ಟಿಕ್ಕರ್ ಅಂಟಿಸುತ್ತಾರೆ. ಅದು ಸುರಕ್ಷತೆಯ ಸ್ಟಿಕ್ಕರ್, ಅಷ್ಟೇ. ಕಾರು ನಿಮ್ಮ ವರ್ಗಕ್ಕೆ ಸೇರುತ್ತದೆ ಎಂದು ಅದು ಹೇಳುವುದಿಲ್ಲ. ಸ್ಟಿಕ್ಕರ್ ಅಂಟಿದ ಕೂಡಲೇ “ಪಾಸಾಯಿತು” ಎಂದು ನಿಟ್ಟುಸಿರುಬಿಟ್ಟ ಎಷ್ಟೋ ಮಂದಿಯನ್ನು ನಾನು ಪ್ಯಾಡಕ್‌ನಲ್ಲಿ (ಸ್ಪರ್ಧಿಗಳ ಕಾರುಗಳು ತಂಗುವ ಜಾಗದಲ್ಲಿ) ನೋಡಿದ್ದೇನೆ.

ಓಟಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೇ ಕಾರನ್ನು ಇಬ್ಬರು ಹಂಚಿಕೊಂಡು ಓಡಿಸುವುದಕ್ಕೆ ಅವಕಾಶವಿದೆ, ಬಹಳ ಮಂದಿ ಹಾಗೆಯೇ ಮಾಡುತ್ತಾರೆ. ಗೆಳೆಯ ಓಡಿ ಬರುವಷ್ಟರಲ್ಲಿ ನಾನು ನೀರಿನ ಸ್ಪ್ರೇಯರ್ ಹಿಡಿದು ನಿಂತಿರುತ್ತಿದ್ದೆ, ಬಿಸಿಯೇರಿದ ಟೈರ್ ತಣಿಸಲು. ಲಿಂಕನ್‌ನ ಕಾಂಕ್ರೀಟ್‌ಗೆ ಟೈರ್ ಕಚ್ಚುವ ರೀತಿ ನಮ್ಮ ಊರಿನ ಡಾಂಬರು ಪಾರ್ಕಿಂಗ್ ಜಾಗಗಳಲ್ಲಿ ಕನಸಿನಲ್ಲೂ ಸಿಗದು. ಎರಡನೇ ದಿನದ ಕೊನೆಯ ಓಟದಲ್ಲಿ ಒಂದೂ ಕೋನ್ ಬೀಳಿಸದೆ ಬಂದಾಗ ಇಬ್ಬರೂ ಟ್ರೋಫಿ ಸಿಗುವ ಸ್ಥಾನಗಳಲ್ಲಿದ್ದೆವು. ಆ ಸಂತೋಷ ಎಷ್ಟು ಹೊತ್ತು ಉಳಿಯಿತು ಎಂದು ನೆನೆದರೆ ಈಗಲೂ ಹೊಟ್ಟೆ ಕಲಸುತ್ತದೆ.

ಓಟ ಮುಗಿದ ಮೇಲೆ ಕಾರುಗಳು ಇಂಪೌಂಡ್‌ನಲ್ಲಿ ಬಾನೆಟ್ ತೆರೆದು ನಿಲ್ಲಬೇಕು. ಸಹಸ್ಪರ್ಧಿಗಳು ಬಂದು ನೋಡುತ್ತಾರೆ, ಪ್ರಶ್ನೆ ಕೇಳುತ್ತಾರೆ. ಸಂಶಯವಿದ್ದರೆ ಶುಲ್ಕ ಕಟ್ಟಿ ಲಿಖಿತ ಆಕ್ಷೇಪ ಸಲ್ಲಿಸಬಹುದು. ಭಾಗಗಳನ್ನು ಬಿಚ್ಚಬೇಕಾದರೆ ಅದರ ಖರ್ಚಿಗೂ ಠೇವಣಿ ಇಡಬೇಕು. ನಮ್ಮದೇ ವರ್ಗದ ಹಿರಿಯ ಸ್ಪರ್ಧಿಯೊಬ್ಬರು ನಮ್ಮ ಕಾರಿನ ಮುಂದೆ ಬಹಳ ಹೊತ್ತು ಮಂಡಿಯೂರಿ ಕುಳಿತು, ಎದ್ದು ಬಂದು, “ನಿಮ್ಮ ಕಾರು ನನ್ನದಕ್ಕಿಂತ ತಗ್ಗಾಗಿ ನಿಂತಿದೆ. ನಾನು ಆಕ್ಷೇಪ ಸಲ್ಲಿಸುತ್ತಿದ್ದೇನೆ, ಹಿಂದಿನಿಂದ ಮಾಡಿದೆ ಎಂದು ನಿಮಗೆ ಅನ್ನಿಸಬಾರದು” ಎಂದರು. ಅವರ ಮೇಲೆ ನನಗೆ ಆಗಲೂ ಕೋಪವಿರಲಿಲ್ಲ, ಈಗಲೂ ಇಲ್ಲ. ಸರಿಯಾದ ಕಾರಿನಲ್ಲಿ ಬಂದವರಿಗೆ ಆ ಹಕ್ಕು ಇರಲೇಬೇಕು.

ಮುಂದಿನ ಎಡ ಡ್ಯಾಂಪರ್ ಹೊರಬಂತು. ಅಧಿಕಾರಿ ಅದನ್ನು ಬಟ್ಟೆಯಿಂದ ಒರೆಸಿ ಮೇಜಿನ ಮೇಲೆ ಮಲಗಿಸಿದರು. ಡ್ಯಾಂಪರ್‌ನ ಮೈ ಸುತ್ತ ಒಂದರ ಮೇಲೊಂದು ಎರಡು ಗ್ರೂವ್‌ಗಳಿದ್ದವು, ಅಂದರೆ ಕೊರೆದ ಸಣ್ಣ ಕಾಲುವೆಗಳು. ಸ್ಪ್ರಿಂಗ್ ಕೂರುವ ತಟ್ಟೆಯನ್ನು ಹಿಡಿದಿಡುವ ಸರ್ಕ್ಲಿಪ್ ಎಂಬ ಉಂಗುರ ಕೆಳಗಿನದರಲ್ಲಿತ್ತು. ಮೇಲಿನ ಗ್ರೂವ್ ಖಾಲಿ. ಅದರೊಳಗೆ ಹಳೆಯ ಗ್ರೀಸ್ ಮತ್ತು ರಸ್ತೆಯ ದೂಳು ಕಪ್ಪಾಗಿ ಗಟ್ಟಿಕಟ್ಟಿತ್ತು. ಅಂದರೆ ಸರ್ಕ್ಲಿಪ್ ಕೆಳಗೆ ಹೋಗಿ ಬಹಳ ಕಾಲವಾಗಿತ್ತು. ಕೆಳಗಿನ ಬೋಲ್ಟ್‌ನ ನಡುವಿನಿಂದ ತಟ್ಟೆಯವರೆಗೆ ವರ್ನಿಯರ್‌ನಲ್ಲಿ ಅಳೆದರು, ಕಾರ್ಖಾನೆಯ ಡ್ಯಾಂಪರ್ ಒಂದನ್ನು ಪಕ್ಕದಲ್ಲಿಟ್ಟು ಮತ್ತೆ ಅಳೆದರು. ಕಣ್ಣಿಗೇ ಕಾಣುವಷ್ಟು ವ್ಯತ್ಯಾಸ. ಯಾರೂ ಮಾತನಾಡಲಿಲ್ಲ. ಗೆಳೆಯ ಆ ಖಾಲಿ ಗ್ರೂವ್ ಮೇಲೆ ಬೆರಳಾಡಿಸುತ್ತಾ ನಿಂತುಬಿಟ್ಟ.

ಇದರಿಂದ ಕಾರಿಗೆ ಏನು ಲಾಭ ಎಂದರೆ, ತಟ್ಟೆ ಕೆಳಗಿಳಿದರೆ ಸ್ಪ್ರಿಂಗ್ ಕೆಳಗಿಳಿಯುತ್ತದೆ, ಕಾರು ತಗ್ಗುತ್ತದೆ. ಗುರುತ್ವಕೇಂದ್ರ ಕೆಳಗೆ ಬಂದದ್ದರಿಂದ ತಿರುವಿನಲ್ಲಿ ಭಾರ ಒಂದು ಪಕ್ಕಕ್ಕೆ ವಾಲುವುದು ಕಡಿಮೆಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಿಯಾಟಾದಂತಹ ಡಬಲ್ ವಿಶ್‌ಬೋನ್ (ಮೇಲೊಂದು ಕೆಳಗೊಂದು ತೋಳು ಚಕ್ರವನ್ನು ಹಿಡಿದಿರುವ) ಸಸ್ಪೆನ್ಷನ್‌ನಲ್ಲಿ ಕಾರು ತಗ್ಗಿದಂತೆ ಚಕ್ರದ ಮೇಲ್ತುದಿ ಒಳಗೆ ವಾಲುತ್ತದೆ, ಅಂದರೆ ನೆಗೆಟಿವ್ ಕ್ಯಾಂಬರ್ ಹೆಚ್ಚಿ ತಿರುವಿನಲ್ಲಿ ಟೈರ್ ನೆಲವನ್ನು ಚೆನ್ನಾಗಿ ಕಚ್ಚುತ್ತದೆ. ಸ್ಟ್ರೀಟ್ ವರ್ಗದಲ್ಲಿ ಕ್ಯಾಂಬರ್‌ಗೆ ಕಾರ್ಖಾನೆ ಕೊಟ್ಟ ಹೊಂದಾಣಿಕೆಯಷ್ಟೇ ಮಿತಿ. ಆ ಮಿತಿಯನ್ನು ಹಿಂಬಾಗಿಲಿನಿಂದ ದಾಟುವ ಉಪಾಯ ಇದು. ಗ್ರೂವ್ ಇರುವುದೇ ಅಪರಾಧವಲ್ಲ ಎಂಬುದನ್ನು ಗಮನಿಸಿ. ಎತ್ತರ ಹೊಂದಿಸಬಹುದಾದ ತಟ್ಟೆಗೂ ನಿಯಮ ಅವಕಾಶ ಕೊಡುತ್ತದೆ. ಸ್ಪ್ರಿಂಗ್‌ನ ಭಾರ ಹೊರುವ ಮೇಲ್ಮೈ ಮೂಲ ಭಾಗದಲ್ಲಿ ಎಲ್ಲಿತ್ತೋ ಅಲ್ಲಿಯೇ ಇರಬೇಕು, ಅಷ್ಟೇ. ಮೇಲಿನಿಂದ ನೋಡಿ “ಸರಿಯಾಗಿದೆ” ಎನ್ನಲು ಸಾಧ್ಯವಿಲ್ಲದಿರುವುದು ಇದೇ ಕಾರಣಕ್ಕೆ. ಅಳೆಯಲೇಬೇಕು.

ತೀರ್ಪು ಬಂತು, ಇಬ್ಬರ ಫಲಿತಾಂಶವೂ ಹೋಯಿತು. ತೀರ್ಪು ಸರಿಯಾಗಿಯೇ ಇತ್ತು. ನನಗೆ ತಡೆಯಲಾಗದ್ದು ಇದು: ನಿಜಸಂಗತಿ ಹೇಳಿದ್ದರೆ ಒಂದು ಸಂಜೆಯ ಕೆಲಸದಲ್ಲಿ ಸರ್ಕ್ಲಿಪ್ಪನ್ನು ಮೇಲಿನ ಗ್ರೂವ್‌ಗೆ ಏರಿಸಿಕೊಂಡು ಬರಬಹುದಿತ್ತು. ಇಲ್ಲವೇ, ಸ್ಪ್ರಿಂಗ್ ಬದಲಿಸಲು ಅವಕಾಶವಿರುವ ಸ್ಟ್ರೀಟ್ ಟೂರಿಂಗ್‌ನಲ್ಲಿ ಹೆಸರು ನೋಂದಾಯಿಸಿ, ಕೊನೆಯ ಸ್ಥಾನ ಬಂದರೂ ತಲೆ ಎತ್ತಿಕೊಂಡು ಓಡಿಸಬಹುದಿತ್ತು.

ಮಾರಿದವರಿಗೆ ಅಳತೆಗಳ ಚಿತ್ರ ಕಳುಹಿಸಿದೆ. ಕಾರ್ಯಾಗಾರದವರು ಹೇಗೆ ಕಟ್ಟಿಕೊಟ್ಟರೋ ಹಾಗೆಯೇ ಓಡಿಸಿದೆ ಎಂದರು. ಕಾರ್ಯಾಗಾರದವರು, ಗ್ರಾಹಕರು ಕೇಳಿದ ಎತ್ತರಕ್ಕೆ ಕಟ್ಟಿದ್ದೇವೆ, ವರ್ಗದ ಹೊಣೆ ಸ್ಪರ್ಧಿಯದು ಎಂದರು. ಬಿಲ್ ಮೇಲಿನ ಆ ಸಾಲು? ಅದು ಉತ್ಪನ್ನದ ಹೆಸರಂತೆ. ಮಾರಾಟಪತ್ರದಲ್ಲಿ “ಇದ್ದ ಸ್ಥಿತಿಯಲ್ಲೇ ಮಾರಾಟ” ಎಂಬ ಮಾಮೂಲಿ ಷರತ್ತು ಇದ್ದುದರಿಂದ ವಕೀಲರ ಬಳಿ ಹೋದರೂ ಫಲವಿಲ್ಲ ಎಂದು ತಿಳಿಯಿತು. ಇಬ್ಬರೂ ಕೈತೊಳೆದುಕೊಂಡರು. ಪ್ರವೇಶಶುಲ್ಕ, ಇಂಧನ, ಹೋಟೆಲ್, ಎರಡು ಸೆಟ್ ಟೈರ್, ಎಲ್ಲ ನಮ್ಮ ತಲೆಗೇ ಬಂತು. ಹಣದ ನೋವು ಒಂದು ತೂಕವಾದರೆ, ಪ್ಯಾಡಕ್‌ನಲ್ಲಿ ಅಪರಿಚಿತರು ನಮ್ಮನ್ನು ಮೋಸಗಾರರೆಂದು ನೋಡಿದ್ದು ಅದರ ಹತ್ತು ಪಟ್ಟು ತೂಕ.

ಆದ್ದರಿಂದ ಕೊಳ್ಳುವ ಮುನ್ನ ಕಾರನ್ನು ಜಾಕ್ ಮೇಲೆ ಎತ್ತಿಸಿ. ಒಪ್ಪದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ನಿಯಮಪುಸ್ತಕ ಉಚಿತವಾಗಿ ಸಿಗುತ್ತದೆ, ಸ್ಟ್ರೀಟ್ ವರ್ಗದ ನಿಯಮಗಳು ಅದರ 13ನೇ ವಿಭಾಗದಲ್ಲಿವೆ. ಪ್ರತಿ ವರ್ಷ ಪರಿಷ್ಕರಣೆ ಇರುವುದರಿಂದ ಈ ವರ್ಷದ ಪ್ರತಿಯನ್ನೇ ಓದಿ. ಆಂಟಿರೋಲ್ ಬಾರ್ ಒಂದೇ ತುದಿಯಲ್ಲಿ ಬದಲಾಗಿದೆಯೇ ಎಂದು ಬಾರ್‌ನ ದಪ್ಪ ಅಳೆದು ನೋಡಿ. ಚಕ್ರದ ಹಿಂಬದಿಯಲ್ಲಿ ಅಚ್ಚಾಗಿರುವ ಆಫ್‌ಸೆಟ್ (ಚಕ್ರವನ್ನು ಕೂರಿಸುವ ಮೇಲ್ಮೈ ಅದರ ನಡುಗೆರೆಯಿಂದ ಎಷ್ಟು ದೂರವಿದೆ ಎಂಬ ಅಳತೆ) ಓದಿ. ಮೂಲ ಆಫ್‌ಸೆಟ್‌ಗೂ ಅದಕ್ಕೂ ಇರುವ ಅಂತರ 7 ಮಿಲಿಮೀಟರ್ ದಾಟಬಾರದು. ಅದೇ ಮಾದರಿಯ, ಯಾರೂ ಮುಟ್ಟದ ಕಾರೊಂದನ್ನು ಪಕ್ಕದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ನಾಲ್ಕೂ ಮೂಲೆಯಲ್ಲಿ ಅಳೆಯಿರಿ. ಕಾರ್ಖಾನೆಯ ದುರಸ್ತಿ ಕೈಪಿಡಿಯನ್ನು ಸ್ಪರ್ಧೆಗೂ ಒಯ್ಯಿರಿ, ಆಕ್ಷೇಪ ಬಂದಾಗ ನಿಮ್ಮ ಪರವಾಗಿ ಮಾತನಾಡುವುದು ಅದೊಂದೇ. ಮಾರುವವರಿಂದ ಬರೆಸಿಕೊಳ್ಳುವುದಾದರೆ “ಕ್ಲಾಸ್‌ಗೆ ಸರಿ” ಎಂದು ಬರೆಸಿಕೊಳ್ಳಬೇಡಿ. “ಈ ಕಾರಣಕ್ಕೆ ಅನರ್ಹವಾದರೆ ಇಷ್ಟು ಹಣ ವಾಪಸ್” ಎಂದು ಬರೆಸಿಕೊಳ್ಳಿ. ಪೆನ್ನು ಹಿಡಿಯಲು ಅವರು ಹಿಂಜರಿದರೆ ನಿಮಗೆ ಉತ್ತರ ಸಿಕ್ಕಿತು.

ಹೀಗೆ ಕಟ್ಟಿದ ಡ್ಯಾಂಪರ್‌ಗಳಿರುವ ಕಾರುಗಳು ಈಗಲೂ ಮಾರಾಟಕ್ಕೆ ಬರುತ್ತಿವೆ, ಬಿಲ್ ಮೇಲೆ ಅದೇ ಸಾಲಿನ ಸಮೇತ. ಮುಂದಿನ ಚಕ್ರ ಬಿಚ್ಚಿಸಿ, ಟಾರ್ಚ್ ಹಿಡಿದು, ಸ್ಪ್ರಿಂಗ್ ಸುರುಳಿಗಳ ನಡುವಿನಿಂದ ನೋಡಿ. ಸ್ಪ್ರಿಂಗ್ ತಟ್ಟೆಗಿಂತ ಮೇಲ್ಗಡೆ ಡ್ಯಾಂಪರ್ ಮೈಯಲ್ಲಿ ಖಾಲಿ ಗ್ರೂವ್ ಕಂಡರೆ ಅಳತೆಯಾಗುವವರೆಗೆ ಮುಂಗಡವಾಗಿ ಒಂದು ಡಾಲರ್ ಕೂಡ ಕೊಡಬೇಡಿ.