ಹನ್ನೆರಡು ಬ್ರಷ್‌ಗೆ 220, ಮೂರಕ್ಕೆ 740: ಎರಡು ತಿಂಗಳ ಹೋಲಿಕೆ

ನಮ್ಮ ಬಳಗದಲ್ಲಿ ಮದುವೆ, ನಿಶ್ಚಿತಾರ್ಥ ಅಂದರೆ ಮೇಕಪ್ಪಿಗೆ ನನ್ನನ್ನೇ ಕರೆಯುತ್ತಾರೆ. ಪಾರ್ಲರ್ ಇಟ್ಟವಳಲ್ಲ, ದಾವಣಗೆರೆ ವಿದ್ಯಾನಗರದ ನಮ್ಮ ಮನೆಯ ನಡುಮನೆಯಲ್ಲೇ ಕೂತು ಕಲಿತವಳು. ಈ ಸಲ ಮೇ ತಿಂಗಳೊಂದರಲ್ಲೇ ಮೂರು ಮದುವೆ ಇದ್ದವು, ನನ್ನ ಹಳೇ ಬ್ರಷ್‌ಗಳು ಕೂದಲುದುರಿ ಮುಗಿದಿದ್ದವು. ಮಾರ್ಚ್‌ನಲ್ಲಿ ಚೌಕಿಪೇಟೆಯ ಒಂದು ಫ್ಯಾನ್ಸಿ ಅಂಗಡಿಯಿಂದ ಹನ್ನೆರಡರ ಸೆಟ್ ತಂದೆ, ಪೌಚ್ ಸಮೇತ 220 ರೂಪಾಯಿ. ಅದೇ ವಾರ ಬಿಡಿಯಾಗಿ ಮೂರು ಸಿಂಥೆಟಿಕ್ ಬ್ರಷ್ ತರಿಸಿದೆ: ಫೌಂಡೇಶನ್ನಿಗೆ ದಟ್ಟ ಕೂದಲಿನ ಚಪ್ಪಟೆ ತಲೆಯದು, ಪೌಡರಿಗೆ ದೊಡ್ಡದು, ಕಣ್ಣಿಗೆ ಬ್ಲೆಂಡಿಂಗ್ ಬ್ರಷ್. ಮೂರಕ್ಕೂ ಸೇರಿ 740. ಜೊತೆಗೊಂದು ಸ್ಪಂಜು, ಮತ್ತೆ ಅತ್ತಿಗೆ ಕೊಟ್ಟಿದ್ದ ಮೇಕೆ ಕೂದಲಿನ ಹಳೇ ಪೌಡರ್ ಬ್ರಷ್.

ಮುಖ ಕೊಟ್ಟವಳು ತಂಗಿ. ಎಡಗೆನ್ನೆಗೆ ಸೆಟ್ಟಿನ ಬ್ರಷ್, ಬಲಗೆನ್ನೆಗೆ ಬಿಡಿ ಬ್ರಷ್. ಫೌಂಡೇಶನ್ ಒಂದೇ, ಎರಡೂ ಕಡೆ ಎರಡೆರಡು ಹನಿ. ಮೊದಲ ದಿನವೇ "ಅಕ್ಕಾ, ಈ ಕಡೆ ಚುಚ್ತೈತಿ" ಅಂದಳು. ಯಾಕೆ ಅಂತ ಬೆಳಕಿಗೆ ಹಿಡಿದು ನೋಡಿದೆ. ಸೆಟ್ಟಿನ ಬ್ರಷ್‌ನ ಕೂದಲನ್ನು ಕತ್ತರಿಯಿಂದ ಸಮ ಮಾಡಿದ್ದಾರೆ, ಒಂದೊಂದು ಎಳೆಯ ತುದಿಯೂ ಮೊಂಡು. ಬಿಡಿ ಬ್ರಷ್‌ನ ಎಳೆಗಳು ತುದಿಗೆ ಹೋಗುತ್ತ ಸಣ್ಣಗಾಗಿವೆ. ಕೆನ್ನೆಗೆ ಗೊತ್ತಾಗುವ ವ್ಯತ್ಯಾಸ ಇದೇ. ಎಡಗಡೆ ಫೌಂಡೇಶನ್ ಗೆರೆ ಗೆರೆಯಾಗಿ ನಿಂತಿತ್ತು, ಬೆರಳಿಂದ ತಟ್ಟಿ ಸರಿ ಮಾಡಬೇಕಾಯಿತು.

ಅಷ್ಟಕ್ಕೇ ಸೆಟ್ಟನ್ನು ಬಿಡಲು ಮನಸ್ಸಾಗಲಿಲ್ಲ. ಹನ್ನೆರಡು ಬ್ರಷ್‌ಗೆ 220 ಅಂದರೆ ಒಂದಕ್ಕೆ ಇಪ್ಪತ್ತು ರೂಪಾಯಿಯೂ ಬೀಳೋದಿಲ್ಲ. ಕಾಲೇಜಿಗೆ ಹೋಗುವ ಹುಡುಗಿಗೆ ಅದು ದೊಡ್ಡ ವಿಷಯ. ಹಾಗಾಗಿ ವಾರಕ್ಕೊಮ್ಮೆಯಂತೆ ಎಂಟು ಸಲ ತೊಳೆದು, ಉದುರಿದ ಕೂದಲನ್ನು ಬಿಳಿ ತಟ್ಟೆಯಲ್ಲಿ ಎಣಿಸಿದೆ. ಸೆಟ್ಟಿನ ಪೌಡರ್ ಬ್ರಷ್ ಮೊದಲ ಸಲ 31 ಕೂದಲು ಬಿಟ್ಟಿತು, ನೀರೂ ಕಪ್ಪಾಯಿತು. ಹೊಸದು, ಒಂದೆರಡು ಸಲ ಉದುರುತ್ತೆ ಅಂದುಕೊಂಡೆ. ನಾಲ್ಕನೇ ಸಲಕ್ಕೂ ಹತ್ತೊಂಬತ್ತು ಉದುರಿದವು. ಆರನೆಯದಕ್ಕೆ ಹಿಡಿಯೇ ಅಲ್ಲಾಡತೊಡಗಿತು. ಬಿಡಿ ಪೌಡರ್ ಬ್ರಷ್ ಎಂಟೂ ಸಲ ಸೇರಿ ಏಳು ಕೂದಲು ಬಿಟ್ಟಿದೆ.

ಕೂದಲಿಗಿಂತ ಅದನ್ನು ಹಿಡಿದಿಟ್ಟಿರುವ ತಗಡಿನ ಕೊರಳು ಮುಖ್ಯ ಅಂತ ಆಗ ಅರ್ಥವಾಯಿತು. ಕೂದಲಿನ ಬುಡ ಅಂಟಿನಲ್ಲಿ ಕೂತಿರುತ್ತೆ, ಕೊರಳನ್ನು ಹಿಡಿಗೆ ಒತ್ತಿ ಬಿಗಿ ಮಾಡಿರುತ್ತಾರೆ. ಆ ಒತ್ತಿದ ಗೆರೆ ಬಿಡಿ ಬ್ರಷ್‌ಗಳಲ್ಲಿ ಎರಡಿದೆ, ಸೆಟ್ಟಿನವುಗಳಲ್ಲಿ ಒಂದೇ, ಅದೂ ಸಡಿಲ. ನೀರು ಕೊರಳೊಳಗೆ ಇಳಿದರೆ ಅಂಟು ಬಿಡುತ್ತೆ. ಹೀಗಾಗಿ ತೊಳೆಯುವಾಗ ಬ್ರಷ್ ತಲೆ ಕೆಳಗೇ ಇರಬೇಕು, ಒಣಗುವಾಗಲೂ ಅಷ್ಟೆ. ನಾನು ಹಿಡಿಗೆ ರಬ್ಬರ್ ಬ್ಯಾಂಡ್ ಹಾಕಿ ಟವೆಲ್ ಸ್ಟ್ಯಾಂಡಿಗೆ ತಲೆಕೆಳಗಾಗಿ ಕಟ್ಟುತ್ತೇನೆ. ಲೋಟದಲ್ಲಿ ನಿಲ್ಲಿಸಿ ಒಣಗಿಸಿದ್ದಕ್ಕೇ ನನ್ನ ಹಳೇ ಬ್ರಷ್‌ಗಳು ಹಾಳಾದವು.

ನೀರಿನ ವಿಷಯ ಇನ್ನೂ ಮುಖ್ಯ. ನಮ್ಮ ಬೋರ್ ನೀರು ಗಡಸು, ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುತ್ತೆ. ಮೊದಲೆರಡು ವಾರ ಸಾಬೂನಿನಲ್ಲಿ ತೊಳೆದಾಗ ಬಿಡಿ ಬ್ರಷ್ ಕೂಡ ಜಿಗುಟಾಗಿ ಒರಟಾಯಿತು. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿಗೆ ಸೇರಿ ಕರಗದ ಮಡ್ಡಿಯಾಗಿ ಕೂದಲಿಗೆ ಹತ್ತುತ್ತೆ. ಶಾಂಪೂ ಹಾಕಿ ತೊಳೆದು, ಕೊನೆಗೆ ಒಂದು ಲೋಟ ಫಿಲ್ಟರ್ ನೀರು ಹೊಯ್ದರೆ ಮೆತ್ತಗೆ ಬರುತ್ತೆ. ಬ್ರಷ್ ಕೆಟ್ಟಿತು ಅಂತ ಎಸೆಯುವ ಮುಂಚೆ ಇದನ್ನೊಮ್ಮೆ ಮಾಡಿ ನೋಡಿ, ದಯವಿಟ್ಟು.

ಮೇಕೆ ಕೂದಲಿನ ಬ್ರಷ್ ಪೌಡರಿಗೆ ಈಗಲೂ ರಾಣಿ. ಎಳೆಯ ಮೇಲಿನ ಸಣ್ಣ ಪದರಗಳು ಪುಡಿಯನ್ನು ಹಿಡಿದಿಟ್ಟು ತೆಳ್ಳಗೆ ಬಿಡುತ್ತವೆ. ದ್ರವ ಫೌಂಡೇಶನ್ ಮಾತ್ರ ಕುಡಿದುಬಿಡುತ್ತೆ, ಅದಕ್ಕೆ ಸಿಂಥೆಟಿಕ್ಕೇ ಸರಿ. ಸ್ಪಂಜನ್ನು ಒದ್ದೆ ಮಾಡಿ ಹಿಂಡಿ ತಟ್ಟಿದರೆ ಮುಖ ಎಲ್ಲಕ್ಕಿಂತ ನಯವಾಗಿ ಬರುತ್ತೆ, ನಿಜ. ಆದರೆ ಎರಡು ಹನಿಯ ಕಡೆ ಮೂರು ಹನಿ ಬೇಕು, ಪ್ರತಿ ಸಲ ತೊಳೆದು ಗಾಳಿಗೆ ಪೂರ್ತಿ ಒಣಗಿಸಬೇಕು. ಒದ್ದೆಯದನ್ನೇ ಡಬ್ಬಿಗೆ ಹಾಕಿದರೆ ಒಳಗೆ ಬೂಷ್ಟು. ಇಬ್ಬರ ಮುಖಕ್ಕೆ ಒಂದೇ ಸ್ಪಂಜು ನಾನು ಮುಟ್ಟಿಸುವುದಿಲ್ಲ.

ಹೊಸ ಫೌಂಡೇಶನ್ ಎರಡು ನೋಡಿದೆ, ಒಂದು ಮ್ಯಾಟ್, ಒಂದು ಹೊಳಪಿನದು. ಮೊದಲು ಕಿವಿಯ ಹಿಂದೆ ಹಚ್ಚಿ ಒಂದು ದಿನ ಬಿಟ್ಟೆ, ತುರಿಕೆ ಬರಲಿಲ್ಲ. ಆಮೇಲೆ ಏಪ್ರಿಲ್‌ನ ಒಂದು ಮಧ್ಯಾಹ್ನ, ಹೊರಗೆ 38 ಡಿಗ್ರಿ ಇದ್ದಾಗ, ತಂಗಿಗೆ ಹಚ್ಚಿ ಮಂಡಿಪೇಟೆಗೆ ಹೋಗಿಬಂದೆವು. ಹೊಳಪಿನದು ಮೂಗಿನ ಪಕ್ಕ ಕರಗಿ ಜಾರಿತ್ತು. ಮ್ಯಾಟ್ ನಿಂತಿತ್ತು, ಬಾಯಿಯ ಸುತ್ತ ಮಾತ್ರ ಸ್ವಲ್ಪ ಬಿರುಕು. ಹಚ್ಚುವ ಹತ್ತು ನಿಮಿಷ ಮುಂಚೆ ಮಾಯಿಶ್ಚರೈಸರ್ ಸವರಿದರೆ ಆ ಬಿರುಕೂ ಬರಲಿಲ್ಲ. ಬಣ್ಣವನ್ನು ಕೈಮೇಲೆ ನೋಡಬೇಡಿ. ದವಡೆಯ ಅಂಚಿಗೆ ಹಚ್ಚಿ ಅಂಗಡಿಯ ಹೊರಗೆ ಬೆಳಕಲ್ಲಿ ನೋಡಿ. "ಇನ್ನೊಂದು ಶೇಡ್ ಬೆಳ್ಳಗಿರ್ಲಿ" ಅನ್ನುವ ಅಂಗಡಿಯವರ, ಮನೆಯವರ ಮಾತು ಕೇಳಿ ನೋವಾಗುತ್ತೆ. ಹುಡುಗಿಯ ಬಣ್ಣಕ್ಕೆ ಹೊಂದಿದ್ದೇ ಅವಳಿಗೆ ಚೆಂದ. ಲೇಬಲ್ ಮೇಲೆ ತಯಾರಕರ ವಿಳಾಸ, ಬ್ಯಾಚ್ ನಂಬರ್, ಅವಧಿ ಇಲ್ಲದ್ದನ್ನು ಎಷ್ಟೇ ಅಗ್ಗವಾದರೂ ಮುಖಕ್ಕೆ ತರಬೇಡಿ.

ಲಿಪ್‌ಸ್ಟಿಕ್ ಪರೀಕ್ಷೆಗೆ ಬೆಣ್ಣೆ ದೋಸೆಗಿಂತ ಕಠಿಣವಾದ್ದು ಸಿಗಲಿಲ್ಲ. ನೀರಿಗೆ ಜಗ್ಗದ ಲಿಕ್ವಿಡ್ ಮ್ಯಾಟ್ ಎಣ್ಣೆ, ಬೆಣ್ಣೆಗೆ ಕರಗುತ್ತೆ. ಎರಡನೇ ದೋಸೆ ಮುಗಿಯುವಷ್ಟರಲ್ಲಿ ತಂಗಿಯ ತುಟಿಯ ಒಳಭಾಗ ಬರಿದಾಗಿ ಅಂಚು ಮಾತ್ರ ಉಳಿದಿತ್ತು, ಅದರ ಮೇಲೆ ಮತ್ತೆ ಹಚ್ಚಿದರೆ ಗಂಟು ಗಂಟು. ಸಾದಾ ಕಡ್ಡಿ ಲಿಪ್‌ಸ್ಟಿಕ್ ಇನ್ನೂ ಬೇಗ ಹೋಯಿತು, ಆದರೆ ಟಿಶ್ಯೂದಲ್ಲಿ ಒತ್ತಿ ಎರಡನೇ ಸಲ ಹಚ್ಚಿದಾಗ ಹೊಸದರಂತೆ ಕೂತಿತು. ಮೇ ತಿಂಗಳ ಮೂವರು ಮದುಮಕ್ಕಳಿಗೂ ಮುಹೂರ್ತಕ್ಕೆ ಲಿಕ್ವಿಡ್ ಹಚ್ಚಿದೆ. ಊಟವಾದ ಮೇಲೆ ಅದನ್ನು ಕೊಬ್ಬರಿ ಎಣ್ಣೆಯಿಂದ ಪೂರ್ತಿ ಒರೆಸಿ, ಆರತಕ್ಷತೆಗೆ ಕಡ್ಡಿ ಹಚ್ಚಿದೆ. ಹಚ್ಚಿದ್ದು ಸೆಟ್ಟಿನ ತುಟಿ ಬ್ರಷ್‌ನಿಂದ. ಹನ್ನೆರಡರಲ್ಲಿ ನಾನು ಉಳಿಸಿಕೊಂಡಿದ್ದು ಅದು ಮತ್ತು ಹುಬ್ಬು ಬಾಚುವುದು, ಎರಡೇ.