ಮೇಪಲ್ಲೋ, ಮತ್ತಿಯೋ: ಬೆಳಗಾವಿಯಲ್ಲಿ ಬೇಸ್ ಗಿಟಾರ್ ತಗೊಂಡ ಅನುಭವ

ಬೇಸ್ ಗಿಟಾರ್ ತಗೋಬೇಕು ಅಂದ ಕೂಡಲೇ ನುಡಿಸುವವರೆಲ್ಲ ಫಿಂಗರ್‌ಬೋರ್ಡ್, ಅಂದರೆ ತಂತಿಯ ಕೆಳಗೆ ಬೆರಳೊತ್ತುವ ಪಟ್ಟಿಯ ಮರದಿಂದಲೇ ಮಾತು ಶುರು ಮಾಡುತ್ತಾರೆ. ಮೇಪಲ್ ಆದರೆ ಸದ್ದು ಚುರುಕು, ರೋಸ್‌ವುಡ್ ಆದರೆ ದುಂಡಗೆ, ಎಬೊನಿ ಆದರೆ ಗಟ್ಟಿ. ನಾನು ತಗೊಂಡ ಬೇಸ್ ಈಗ ಒಂದು ಮಳೆಗಾಲವನ್ನೂ ಒಂದು ಬೇಸಿಗೆಯನ್ನೂ ಕಂಡಿದೆ. ಫ್ರೆಟ್ (ಪಟ್ಟಿಗೆ ಅಡ್ಡಲಾಗಿ ಕೂರಿಸಿದ ಲೋಹದ ಗೆರೆ) ಇರುವ ಬೇಸ್‌ಗೆ ಮರ ಆರಿಸುವಾಗ ಕಿವಿಯ ಮಾತಿಗಿಂತ ಬೆರಳಿನ ಮಾತನ್ನೂ ನಮ್ಮೂರ ಹವೆಯನ್ನೂ ಜಾಸ್ತಿ ಕೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಾನು ನುಡಿಸುವುದು ಆರ್ಕೆಸ್ಟ್ರಾದಲ್ಲಿ. ಗಣೇಶ ಹಬ್ಬದಲ್ಲಿ ಬೆಳಗಾವಿಯ ಗಲ್ಲಿಗಳಲ್ಲಿ, ಬೇಸಿಗೆಯಲ್ಲಿ ಮದುವೆ, ಜಾತ್ರೆಗಳಲ್ಲಿ. ಬಜೆಟ್ 60,000 ರೂಪಾಯಿ ಒಳಗೆ ಇತ್ತು. ಊರೊಳಗೆ ಹಾರ್ಮೋನಿಯಂ, ತಬಲಾ ಮಾರುವ ಹಳೇ ಅಂಗಡಿಯೊಂದಿದೆ. ಗಿಟಾರ್‌ಗಳೂ ಒಂದು ಗೋಡೆ ತುಂಬ ಇರುತ್ತವೆ. ಅಂಗಡಿ ಕಾಕಾ ಫೆಂಡರ್ ಕಂಪನಿಯ ಸ್ಕ್ವಯರ್ ಬ್ರ್ಯಾಂಡಿನ ಕ್ಲಾಸಿಕ್ ವೈಬ್ ಸಾಲಿನ ಎರಡು ಜಾಝ್ ಬೇಸ್ ತರಿಸಿಟ್ಟರು. ಒಂದು 70ರ ದಶಕದ ಮಾದರಿ, ಫಿಂಗರ್‌ಬೋರ್ಡ್ ಮೇಪಲ್. ಇನ್ನೊಂದು 60ರ ದಶಕದ್ದು, ಫಿಂಗರ್‌ಬೋರ್ಡ್ ಇಂಡಿಯನ್ ಲಾರೆಲ್. ಎರಡಕ್ಕೂ 34 ಇಂಚಿನ ಸ್ಕೇಲ್ (ಕಂಪಿಸುವ ತಂತಿಯ ಉದ್ದ), ಪಟ್ಟಿಯ ಬಾಗು 9.5 ಇಂಚು ರೇಡಿಯಸ್. ಮುಂಗಡ ಕೇಳಲಿಲ್ಲ, ಅವಸರ ಮಾಡಲಿಲ್ಲ. "ಕುಂತು ನುಡಸು ತಂಗಿ, ಸಂಜಿತನಾ ಅಂಗಡಿ ತಗದೇ ಇರ್ತೈತಿ" ಅಂದರು. ಇಂಥ ಅಂಗಡಿ ಊರಲ್ಲಿ ಉಳಿಯಬೇಕು ಅನ್ನುವ ಆಸೆಯಿಂದಲೂ ಇದನ್ನು ಬರೆಯುತ್ತಿದ್ದೇನೆ.

ಜೊತೆಗೆ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಅಪ್ಪ ಬಡಿಗತನ ಮಾಡುವವರು. ಸಂಗೀತದ ಗಂಧ ಇಲ್ಲ, ಆದರೆ ಮರ ಮುಟ್ಟಿದರೆ ಸಾಕು, ಅದರ ಜಾತಕ ಹೇಳುತ್ತಾರೆ. ಲಾರೆಲ್ ಪಟ್ಟಿಯ ಬೇಸನ್ನು ಬೆಳಕಿಗೆ ಹಿಡಿದು, ನೆಕ್‌ನ (ಗಿಟಾರಿನ ಉದ್ದ ಹಿಡಿಯ) ತುದಿಯಿಂದ ಒಂದೇ ಕಣ್ಣಲ್ಲಿ ನೋಡಿದರು. ಆಮೇಲೆ ಹೆಬ್ಬೆರಳಿನ ಉಗುರನ್ನು ಪಟ್ಟಿಯ ಎಳೆಗೆ ಅಡ್ಡಲಾಗಿ ಎಳೆದರು. "ಮಾಲಕರ, ಇದು ಮತ್ತಿ ಐತ್ರಿ." ಅವರು ಹೇಳಿದ್ದು ಸರಿ. ಗಿಟಾರ್ ಕಂಪನಿಗಳು ಇಂಡಿಯನ್ ಲಾರೆಲ್ ಅಂತ ಮಾರುವುದು ಟರ್ಮಿನೇಲಿಯಾ ಎಲಿಪ್ಟಿಕಾ, ಅಂದರೆ ನಮ್ಮ ಮತ್ತಿಯೇ. ಖಾನಾಪುರ, ದಾಂಡೇಲಿ ಕಾಡಿನಲ್ಲಿ ಮೊಸಳೆ ಚರ್ಮದ ಹಾಗೆ ತೊಗಟೆ ಬಿರುಕು ಬಿಟ್ಟು ನಿಂತಿರುವ ಮರ. ಮನೆ ತೊಲೆಗೆ ಹಾಕುವುದನ್ನು ಅಪ್ಪ ಚಿಕ್ಕಂದಿನಿಂದ ನೋಡಿದ್ದಾರೆ.

ಅಪ್ಪ ಅಲ್ಲಿಗೇ ಬಿಡಲಿಲ್ಲ. ಪ್ರತಿ ಫ್ರೆಟ್‌ನ ತುದಿಯನ್ನೂ, ಅದು ಮರದೊಳಗೆ ಕೂತ ಸೀಳಿನ ಬಾಯನ್ನೂ ಕನ್ನಡಕ ಹಾಕಿಕೊಂಡು ನೋಡಿದರು. ಮತ್ತಿ ಗಟ್ಟಿ ಮರ, ಆದರೆ ಒಣಗಿಸುವಾಗ ಹಟ ಮಾಡುತ್ತದೆ. ಅವಸರದಲ್ಲಿ ಒಣಗಿಸಿದರೆ ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತವೆ. ಅವು ಮೊದಲು ಕಾಣುವುದು ಇಂಥ ಸೀಳುಗಳ ಪಕ್ಕದಲ್ಲೇ. ಈ ಬೇಸ್‌ನಲ್ಲಿ ಒಂದೂ ಇರಲಿಲ್ಲ. ಲಾರೆಲ್ ಪಟ್ಟಿಯ ಗಿಟಾರ್ ಯಾವ ಕಂಪನಿಯದೇ ಆಗಲಿ, ತಗೊಳ್ಳುವಾಗ ಈ ಒಂದು ಜಾಗ ಮಾತ್ರ ಬಿಡದೆ ನೋಡಿ. ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಸಾಕು.

ಇನ್ನು ಸದ್ದು. ಒಂದೇ ಆಂಪ್, ಎಲ್ಲ ಗುಂಡಿ ನಡುವಿಗೆ. ನಮ್ಮ ತಂಡದ ಕೀಬೋರ್ಡ್ ಗೆಳತಿ ಬೆನ್ನು ತಿರುಗಿಸಿ ನಿಂತಳು, ನಾನು ಬೇಸ್ ಬದಲಾಯಿಸುತ್ತ ಒಂದೇ ಸಾಲು ನುಡಿಸುತ್ತ ಹೋದೆ. ಟೋನ್ ಗುಂಡಿ ಪೂರ್ತಿ ತೆರೆದು, ಹೆಬ್ಬೆರಳಿನಿಂದ ಸ್ಲ್ಯಾಪ್ ಮಾಡಿದಾಗ ಮೇಪಲ್‌ನಲ್ಲಿ ಸ್ವಲ್ಪ ಜಾಸ್ತಿ ಚುರುಕು ಇದೆ ಅನ್ನಿಸಿತು. ಟೋನ್ ಅರ್ಧಕ್ಕೆ ಇಳಿಸಿ ಬೆರಳಲ್ಲಿ ನುಡಿಸಿದರೆ ಅವಳಿಗೂ ಯಾವುದು ಯಾವುದೆಂದು ತಿಳಿಯಲಿಲ್ಲ, ನುಡಿಸುತ್ತಿದ್ದ ನನಗೂ ಹೇಳಲು ಆಗುತ್ತಿರಲಿಲ್ಲ. ಮುಂದೆ ಮನೆಯಲ್ಲಿ ಮೈ ತರಿತರಿಯಾದ ರೌಂಡ್‌ವೌಂಡ್ ತಂತಿ ತೆಗೆದು ನುಣುಪಾದ ಫ್ಲ್ಯಾಟ್‌ವೌಂಡ್ ಹಾಕಿದಾಗ ಆದ ಬದಲಾವಣೆಯ ಮುಂದೆ ಇದು ಏನೇನೂ ಅಲ್ಲ.

ಯೋಚಿಸಿ ನೋಡಿ, ಫ್ರೆಟ್ ಇರುವ ಬೇಸ್‌ನಲ್ಲಿ ತಂತಿ ಕೂರುವುದು ಲೋಹದ ಮೇಲೆ. ಮರಕ್ಕೂ ತಂತಿಗೂ ನೇರ ಸಂಬಂಧವೇ ಕಡಿಮೆ. ಪಿಕಪ್ ಹಿಡಿಯುವುದೂ ತಂತಿಯ ಕಂಪನವನ್ನೇ. ಮೇಲಾಗಿ ಎರಡು ಗಿಟಾರ್‌ಗಳು ಯಾವತ್ತೂ ಬರೀ ಫಿಂಗರ್‌ಬೋರ್ಡ್‌ನಲ್ಲಿ ಮಾತ್ರ ಬೇರೆ ಇರುವುದಿಲ್ಲ. ಪಿಕಪ್‌ನ ಎತ್ತರ ಒಂದು ಮಿಲಿಮೀಟರ್ ಆಚೀಚೆ ಆದರೂ ಸದ್ದು ಬೇರೆ. ಆದ್ದರಿಂದ "ಇದು ಮೇಪಲ್ ಸದ್ದು" ಅಂತ ಯಾರಾದರೂ ಖಡಾಖಂಡಿತ ಹೇಳಿದರೆ ನಾನು ಒಪ್ಪುವುದಿಲ್ಲ.

ಫ್ರೆಟ್ ಇಲ್ಲದ, ಅಂದರೆ ಫ್ರೆಟ್‌ಲೆಸ್ ಬೇಸ್‌ನ ಮಾತೇ ಬೇರೆ. ಅಲ್ಲಿ ತಂತಿ ನೇರ ಮರದ ಮೇಲೆ ಕೂರುತ್ತದೆ, ಉಜ್ಜುತ್ತದೆ, ಮರವನ್ನು ತಿನ್ನುತ್ತದೆ. ಅಲ್ಲಿ ಮರಕ್ಕೆ ದುಡ್ಡು ಹಾಕಿ. ಮರದ ಗಟ್ಟಿತನ ಅಳೆಯಲು ಜಾಂಕಾ ಅಂತ ಒಂದು ಪರೀಕ್ಷೆ ಇದೆ. ಉಕ್ಕಿನ ಗುಂಡನ್ನು ಮರದೊಳಗೆ ಅರ್ಧ ಒತ್ತಲು ಎಷ್ಟು ಬಲ ಬೇಕು ಅನ್ನುವ ಲೆಕ್ಕ. ಆಫ್ರಿಕಾದ ಎಬೊನಿಗೆ ಸುಮಾರು 3,080 ಪೌಂಡ್, ನಮ್ಮ ಬೀಟೆಗೆ (ಇಂಡಿಯನ್ ರೋಸ್‌ವುಡ್) ಸುಮಾರು 2,440, ಹಾರ್ಡ್ ಮೇಪಲ್‌ಗೆ ಸುಮಾರು 1,450. ಹೆಸರಲ್ಲೇ ಹಾರ್ಡ್ ಇದ್ದರೂ ಮೇಪಲ್ ಬೀಟೆಗಿಂತ ಎಷ್ಟೋ ಮೆತ್ತಗೆ. ಪಿಟೀಲಿಗೆ ಎಬೊನಿ ಹಾಕುವುದು ಸುಮ್ನೆ ಅಲ್ಲ. ಅಮೆರಿಕದ ಹೆಸರಾಂತ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ತಮ್ಮ 1962ರ ಜಾಝ್ ಬೇಸ್‌ನ ಫ್ರೆಟ್ ಕಿತ್ತ ಮೇಲೆ ರೋಸ್‌ವುಡ್ ಪಟ್ಟಿಗೆ ದೋಣಿಗೆ ಬಳಿಯುವ ಎಪಾಕ್ಸಿ ಬಳಿದಿದ್ದರು. ರೌಂಡ್‌ವೌಂಡ್ ತಂತಿಗೆ ಬರೀ ಮರ ಹೆಚ್ಚು ದಿನ ತಡೆಯುವುದಿಲ್ಲ.

ಲಾರೆಲ್ ಅಂದರೆ ಅಗ್ಗದ ಮರ ಅಂತ ಮೂಗು ಮುರಿಯುವವರಿದ್ದಾರೆ. ಅದು ಬಂದ ದಾರಿ ತಿಳಿದಿರಲಿ. 1951ರಲ್ಲಿ ಫೆಂಡರ್‌ನ ಪ್ರಿಸಿಷನ್ ಬೇಸ್ ಬಂದಾಗ ನೆಕ್, ಫಿಂಗರ್‌ಬೋರ್ಡ್ ಎರಡೂ ಒಂದೇ ಮೇಪಲ್ ತುಂಡು. 1959ರಲ್ಲಿ ರೋಸ್‌ವುಡ್ ಪಟ್ಟಿ ಬಂತು. ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಮಿತಿ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪ್ರಕಾರ 2017ರ ಜನವರಿಯಿಂದ ಬೀಟೆಯ ಕುಲದ ಎಲ್ಲ ಮರಗಳಿಗೂ ದೇಶ ದಾಟಲು ಕಾಗದಪತ್ರ ಬೇಕಾಯಿತು. ಆಗ ಕಂಪನಿಗಳು ಪಾವ್ ಫೆರೋ ಅನ್ನುವ ದಕ್ಷಿಣ ಅಮೆರಿಕದ ಮರ, ಲಾರೆಲ್ ಕಡೆ ಹೊರಳಿದವು. ತಯಾರಾದ ವಾದ್ಯಗಳಿಗೆ 2019ರ ನವೆಂಬರ್‌ನಲ್ಲಿ ವಿನಾಯಿತಿ ಸಿಕ್ಕಿತು, ಆದರೆ ಲಾರೆಲ್ ಉಳಿದುಕೊಂಡಿತು. ಉಳಿದದ್ದು ಒಳ್ಳೆಯದೇ ಆಯಿತು ಅಂತ ನನಗನ್ನಿಸುತ್ತದೆ. ಬೀಟೆ ಬೆಳೆಯಲು ಎಷ್ಟು ಕಾಲ ಬೇಕು ಅಂತ ಮಲೆನಾಡಿನವರನ್ನು ಕೇಳಿ.

ನಾನು ಲಾರೆಲ್ ಆರಿಸಿದ್ದು ಬೆರಳಿನ ಸಲುವಾಗಿ. ಮೇಪಲ್ ಬೆಳ್ಳಗಿನ ಮರ, ಬರಿದಾಗಿ ಬಿಟ್ಟರೆ ಬೆವರಿಗೆ ಕಪ್ಪಾಗುತ್ತದೆ. ಅದಕ್ಕೇ ಮೇಲೆ ಲ್ಯಾಕರ್ ಹಾಕಿರುತ್ತಾರೆ. ಒಣ ಕೈಗೆ ಅದು ಗಾಜಿನಷ್ಟು ನುಣುಪು. ಮಳೆಗಾಲದ ಬೆಳಗಾವಿಯಲ್ಲಿ, ತಾಡಪತ್ರಿ ಕೆಳಗೆ ಎರಡು ತಾಸು ನುಡಿಸುವಾಗ ನನ್ನ ಬೆರಳು ಅದಕ್ಕೆ ಅಂಟುತ್ತವೆ. ಮತ್ತಿಯ ಪಟ್ಟಿಗೆ ಲ್ಯಾಕರ್ ಇಲ್ಲ, ಸಣ್ಣ ರಂಧ್ರಗಳು ತೆರೆದೇ ಇರುತ್ತವೆ. ಬೆವರಿದರೂ ಬೆರಳು ಜಾರುತ್ತದೆ. ನೆಕ್‌ನ ಹಿಂಭಾಗ ಮಾತ್ರ ಎರಡರಲ್ಲೂ ಹೊಳಪು ಲ್ಯಾಕರೇ. ನನಗೆ ಹೊಳಪು ಬೇಡವಾಗಿತ್ತು, ಅಪ್ಪ 1000 ನಂಬರಿನ ಪಾಲಿಶ್ ಪೇಪರ್ ನೀರಲ್ಲಿ ಅದ್ದಿ ಹಗುರಾಗಿ ತಿಕ್ಕಿ ಕೊಟ್ಟರು. ಈಗ ಹೆಬ್ಬೆರಳು ಸರಾಗ ಓಡುತ್ತದೆ.

ಲ್ಯಾಕರ್ ಇಲ್ಲದ ಪಟ್ಟಿಗೆ ಆರೈಕೆ ಬೇಕು. ಮಳೆಗಾಲದಲ್ಲಿ ಇಲ್ಲಿ ಗೋಡೆ ಕೂಡ ಬೆವರುತ್ತದೆ. ಏಪ್ರಿಲ್‌ನಲ್ಲಿ ಅದೇ ಗಿಟಾರ್ ಹಿಡಿದು ವಿಜಯಪುರಕ್ಕೆ ಮದುವೆ ಕಾರ್ಯಕ್ರಮಕ್ಕೆ ಹೋದರೆ 40 ಡಿಗ್ರಿ ಒಣ ಬಿಸಿಲು. ಮರ ಅಡ್ಡಕ್ಕೆ ಕುಗ್ಗುತ್ತದೆ, ಲೋಹದ ಫ್ರೆಟ್ ಹಾಗೇ ಇರುತ್ತದೆ, ತುದಿಗಳು ಹೊರಗೆ ಬಂದು ಅಂಗೈಗೆ ಚುಚ್ಚುತ್ತವೆ. ನಮ್ಮ ತಂಡದವರೊಬ್ಬರ ಬೇರೆ ಗಿಟಾರ್‌ಗೆ ಹೀಗೇ ಆಗಿ, ಕಾಕಾ ಸಣ್ಣ ಅರದಿಂದ ತುದಿ ಉಜ್ಜಿ ಕೊಟ್ಟರು. ನಾನು ತಂತಿ ಬದಲಾಯಿಸುವಾಗೆಲ್ಲ ಪಟ್ಟಿಗೆ ಫ್ರೆಟ್‌ಬೋರ್ಡ್ ಎಣ್ಣೆ ನಾಲ್ಕು ಹನಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಪೂರ್ತಿ ಒರೆಸಿ ತೆಗೆಯುತ್ತೇನೆ. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಅದು ಮುಗ್ಗಿ ಅಂಟಾಗುತ್ತದೆ. ಲ್ಯಾಕರ್ ಇರುವ ಮೇಪಲ್‌ಗಂತೂ ಯಾವ ಎಣ್ಣೆಯೂ ಬೇಡ, ಒದ್ದೆ ಬಟ್ಟೆ ಹಿಂಡಿ ಒರೆಸಿದರೆ ಆಯಿತು. ಈ ಆರೈಕೆಗೆ ಪುರುಸೊತ್ತಿಲ್ಲ, ಕೈ ಜಾಸ್ತಿ ಬೆವರುವುದೂ ಇಲ್ಲ ಅನ್ನುವವರು ಕಣ್ಣು ಮುಚ್ಚಿ ಮೇಪಲ್ ತಗೊಳ್ಳಿ. ನೋಡಲೂ ಚೆಂದ.

ಅಂಗಡಿಯ ಬಗ್ಗೆ ಇನ್ನೊಂದು ಮಾತು. ಮಳೆ ನಿಂತ ಮೇಲೆ ನೆಕ್ ಸ್ವಲ್ಪ ಬಾಗಿ ತಂತಿ ಎತ್ತರಕ್ಕೆ ಹೋಗಿತ್ತು. ಕಾಕಾ ಟ್ರಸ್ ರಾಡ್ (ನೆಕ್ ಒಳಗಿನ ಬಾಗು ಸರಿಮಾಡುವ ಸರಳು) ಕಾಲು ಸುತ್ತು ತಿರುಗಿಸಿ, ಆಕ್ಷನ್, ಅಂದರೆ ತಂತಿಯ ಎತ್ತರ ಸರಿ ಮಾಡಿ ಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ಕೊಂಡ ಮೊದಲ ವರ್ಷ ಈ ಕೆಲಸ ಪುಕ್ಕಟೆ ಮಾಡಿಕೊಡುತ್ತಾರಂತೆ, ಆದರೆ ತಾವಾಗಿ ಹೇಳುವುದಿಲ್ಲ. ಬಿಲ್ ಮಾಡಿಸುವಾಗಲೇ ಕೇಳಿಟ್ಟುಕೊಳ್ಳಿ.